ವೋಲ್ಟೇಜ್, ಕರೆಂಟ್, ರೋಧ: ಒಂಬತ್ತು ವೋಲ್ಟ್ ಬ್ಯಾಟರಿಯಿಂದ ತೋಟದ ಪಂಪಿನವರೆಗೆ

ಸಂಜೆ ಮನೆಯ ದೀಪಗಳೆಲ್ಲ ಒಮ್ಮೆಗೇ ಆರಿದರೆ ನಾವು "ಕರೆಂಟ್ ಹೋಯ್ತು" ಎನ್ನುತ್ತೇವೆ. ದೀಪ ಮಂಕಾಗಿ ಉರಿದರೆ "ವೋಲ್ಟೇಜ್ ಇಲ್ಲ" ಎನ್ನುತ್ತೇವೆ. ಆಡುಮಾತಿನಲ್ಲಿ ಎರಡೂ ನಡೆಯುತ್ತವೆ, ಲೆಕ್ಕಕ್ಕೆ ಕುಳಿತರೆ ಮಾತ್ರ ಮೊದಲನೆಯದು ತುಸು ತೊಡಕು ಕೊಡುತ್ತದೆ. ಸ್ವಿಚ್ ಹಾಕಿದ ಸಾಕೆಟ್ಟಿಗೆ ಏನನ್ನೂ ಸಿಕ್ಕಿಸದೆ ಬಿಟ್ಟಾಗ ಅದರ ಎರಡು ರಂಧ್ರಗಳ ನಡುವೆ 230 ವೋಲ್ಟ್ ಇದ್ದೇ ಇರುತ್ತದೆ, ಆದರೆ ಕರೆಂಟ್ ಒಂದಿಷ್ಟೂ ಹರಿಯುತ್ತಿರುವುದಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ಸಿಕ್ಕಿಸಿದ ಕ್ಷಣದಿಂದ ಕರೆಂಟ್ ಹರಿಯತೊಡಗುತ್ತದೆ, ಅದೂ ಇಸ್ತ್ರಿಪೆಟ್ಟಿಗೆ ಎಷ್ಟು ಎಳೆಯುತ್ತದೋ ಅಷ್ಟೇ. ಸರಬರಾಜು ಮಾಡುವವರು ನಮಗೆ ಕೊಡುವುದು ವೋಲ್ಟೇಜನ್ನು. ಕರೆಂಟ್ ಎಷ್ಟು ಎಂಬುದನ್ನು ನಾವು ಸಿಕ್ಕಿಸಿದ ಸಲಕರಣೆಯ ರೋಧ, ಅಂದರೆ ಹರಿವಿಗೆ ಅದು ಒಡ್ಡುವ ತಡೆ, ತೀರ್ಮಾನಿಸುತ್ತದೆ. ವೋಲ್ಟೇಜ್ ಎಂದರೆ ಕರೆಂಟ್ ಹರಿಯಲು ಪ್ರೇರಿಸುವ ಒತ್ತಡ ಎಂದಿಟ್ಟುಕೊಂಡರೆ, "ಕರೆಂಟ್ ಹೋದಾಗ" ನಿಜಕ್ಕೂ ಮೊದಲು ಹೋಗುವುದು ಆ ಒತ್ತಡವೇ.

ಈ ಸಂಬಂಧವನ್ನು ಸೂತ್ರವಾಗಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅಳೆದು ನೋಡಿದವರು ಕಡಿಮೆ. ಒಂದು ಮಧ್ಯಾಹ್ನದ ಬಿಡುವು ಮತ್ತು ಕೆಲವು ನೂರು ರೂಪಾಯಿಯ ಸಾಮಾನು ಇದ್ದರೆ ಅಳೆದೇ ನೋಡಬಹುದು. ಈ ಲೇಖನ ಆ ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಹೇಳುತ್ತದೆ. ಪ್ರಯೋಗಗಳೆಲ್ಲ ಒಂಬತ್ತು ವೋಲ್ಟಿನ ಬ್ಯಾಟರಿಯ ಮೇಲೆಯೇ ನಡೆಯಬೇಕು. ಗೋಡೆಯ ಸಾಕೆಟ್ಟಿನ ಹತ್ತಿರ ಪ್ರೋಬ್ (ಮೀಟರಿನ ಮುಟ್ಟುಕಡ್ಡಿ) ಹಿಡಿದು ಹೋಗುವ ಕೆಲಸ ಕಲಿಯುವವರದ್ದಲ್ಲ. ಒದ್ದೆ ಚರ್ಮದ ನಮ್ಮ ದೇಹದ ರೋಧ ಸುಮಾರು ಒಂದು ಸಾವಿರ ಓಮ್‌ಗೆ ಇಳಿಯಬಲ್ಲದು. ಅದಕ್ಕೆ 230 ವೋಲ್ಟ್ ತಗುಲಿದರೆ 230 ಮಿಲಿ ಆಂಪಿಯರ್ ಹರಿಯುತ್ತದೆ, ಆದರೆ ಜೀವರಕ್ಷಣೆಗೆಂದು ಮನೆಯ ಫಲಕದಲ್ಲಿ ಕೂರಿಸುವ ಆರ್‌ಸಿಸಿಬಿಯು 30 ಮಿಲಿ ಆಂಪಿಯರ್ ಸೋರಿದರೇ ಕಡಿದುಹಾಕುವಂತೆ ಮಾಡಿರುತ್ತಾರೆ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಮೂರು ಪದಗಳು

ಶಾಲೆಯ ಪುಸ್ತಕ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ ಎನ್ನುತ್ತದೆ. ಅಂಗಡಿಯಲ್ಲಿ ಮತ್ತು ವೈರ್‌ಮನ್ ಬಾಯಲ್ಲಿ ಅವು ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಂಡರೆ ಮೂರೂ ಸುಲಭವಾಗಿ ತಲೆಗೆ ಹತ್ತುತ್ತವೆ. ಟ್ಯಾಂಕಿನ ಎತ್ತರ ವೋಲ್ಟೇಜ್, ಪೈಪಿನಲ್ಲಿ ಸೆಕೆಂಡಿಗೆ ಹರಿಯುವ ನೀರು ಕರೆಂಟ್, ಪೈಪಿನ ಇಕ್ಕಟ್ಟು ರೋಧ. ಎತ್ತರ ಹೇಗೆ ಎರಡು ಜಾಗಗಳ ನಡುವಿನ ಮಾತೋ ವೋಲ್ಟೇಜೂ ಹಾಗೆಯೇ. "ಈ ತಂತಿಯಲ್ಲಿ ಎಷ್ಟು ವೋಲ್ಟ್ ಇದೆ" ಎಂದರೆ ಪ್ರಶ್ನೆ ಪೂರ್ತಿಯಾಗಲಿಲ್ಲ, ಯಾವುದಕ್ಕೆ ಹೋಲಿಸಿ ಎಂದು ಹೇಳಬೇಕು. ಕರೆಂಟ್ ಹಾಗಲ್ಲ, ಅದು ತಂತಿಯ ಒಂದು ಜಾಗವನ್ನು ಹಾದುಹೋಗುವ ಪ್ರಮಾಣ. ಹೀಗಾಗಿ ವೋಲ್ಟೇಜನ್ನು ಎರಡು ಬಿಂದುಗಳಿಗೆ ಪ್ರೋಬ್ ಮುಟ್ಟಿಸಿ ಅಳೆಯುತ್ತೇವೆ, ಕರೆಂಟನ್ನು ತಂತಿ ಬಿಡಿಸಿ ಮೀಟರನ್ನು ಆ ಜಾಗಕ್ಕೆ ಸೇರಿಸಿ ಅಳೆಯುತ್ತೇವೆ. ಹೊಸಬರ ತಪ್ಪುಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸ ಮರೆತದ್ದರಿಂದಲೇ ಆಗುತ್ತವೆ.

ನೀರಿನ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಪೈಪು ಕತ್ತರಿಸಿದರೆ ನೀರು ಚೆಲ್ಲುತ್ತದೆ, ತಂತಿ ಕತ್ತರಿಸಿದರೆ ಕರೆಂಟ್ ನಿಲ್ಲುತ್ತದೆ. ಬ್ಯಾಟರಿಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಮರಳುವ ದಾರಿ ಪೂರ್ತಿ ಮುಚ್ಚಿಕೊಂಡಿದ್ದರೆ ಮಾತ್ರ ಹರಿವು. ಆ ಮುಚ್ಚಿದ ದಾರಿಗೇ ವಿದ್ಯುತ್ ಮಂಡಲ, ಅಂದರೆ ಸರ್ಕ್ಯೂಟ್ ಎಂಬ ಹೆಸರು.

ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್, ರೋಧ ಮೂರನ್ನೂ ಅಳೆಯುವ ಮೀಟರ್), ಎರಡು ಒಂಬತ್ತು ವೋಲ್ಟ್ ಬ್ಯಾಟರಿ (ಒಂದು ಹೊಸದು, ಇನ್ನೊಂದು ಯಾವುದಾದರೂ ಆಟಿಕೆಯಲ್ಲಿ ದುಡಿದು ಸೋತದ್ದು), ಬ್ಯಾಟರಿಗೆ ಕೂರಿಸುವ ಕ್ಲಿಪ್, ಬೆಸುಗೆ ಇಲ್ಲದೆ ತಂತಿಗಳನ್ನು ಸಿಕ್ಕಿಸಿ ಜೋಡಿಸುವ ಸಣ್ಣ ಬ್ರೆಡ್‌ಬೋರ್ಡ್, ಕೆಂಪು ಎಲ್‌ಇಡಿ ಎರಡು, ಕಾಲು ವಾಟಿನ ರೆಸಿಸ್ಟರುಗಳು (ಗೊತ್ತಾದಷ್ಟು ರೋಧ ಒಡ್ಡುವ ಸಣ್ಣ ಬಿಡಿಭಾಗಗಳು) 470 ಓಮ್, 1 ಕಿಲೋ ಓಮ್ ಮತ್ತು 2.2 ಕಿಲೋ ಓಮ್ ತಲಾ ಐದು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಒಂದು ಸುತ್ತಿನಲ್ಲಿ ಇವೆಲ್ಲ ಸಿಗುತ್ತವೆ. ಬೇರೆ ಊರುಗಳಲ್ಲಿ ಟಿವಿ ರಿಪೇರಿಯವರನ್ನು ಕೇಳಿದರೆ ದಾರಿ ತೋರಿಸುತ್ತಾರೆ.

ರೆಸಿಸ್ಟರಿನ ಮೇಲೆ ಅಂಕಿ ಬರೆದಿರುವುದಿಲ್ಲ, ಬಣ್ಣದ ಪಟ್ಟಿಗಳಿರುತ್ತವೆ. ಮೊದಲ ಎರಡು ಪಟ್ಟಿ ಅಂಕಿಗಳು, ಮೂರನೆಯದು ಮುಂದೆ ಹಾಕಬೇಕಾದ ಸೊನ್ನೆಗಳ ಸಂಖ್ಯೆ. ಕಂದು, ಕಪ್ಪು, ಕೆಂಪು ಎಂದರೆ ಒಂದು, ಸೊನ್ನೆ, ಮತ್ತೆ ಎರಡು ಸೊನ್ನೆ: 1000 ಓಮ್. ಹಳದಿ, ನೇರಳೆ, ಕಂದು ಎಂದರೆ 470. ಮೂರೂ ಕೆಂಪಾಗಿದ್ದರೆ 2200. ಕೊನೆಯಲ್ಲಿ ಚಿನ್ನದ ಬಣ್ಣವಿದ್ದರೆ ನಿಜವಾದ ಬೆಲೆ ನೂರಕ್ಕೆ ಐದರಷ್ಟು ಆಚೀಚೆ ಇರಬಹುದು ಎಂದರ್ಥ. ನೀಲಿ ಮೈಯ ರೆಸಿಸ್ಟರುಗಳಲ್ಲಿ ಸಾಮಾನ್ಯವಾಗಿ ಐದು ಪಟ್ಟಿಗಳಿರುತ್ತವೆ. ಕಣ್ಣಿಗೆ ಕಷ್ಟ ಕೊಡದೆ ಅವನ್ನು ಮೀಟರಿನಲ್ಲಿಯೇ ಅಳೆದುಬಿಡುವುದು ಲೇಸು.

ಮೊದಲ ಹೆಜ್ಜೆ: ಮೀಟರಿನ ಪರಿಚಯ

ಅಗ್ಗದ ಹಳದಿ ಮೀಟರುಗಳಲ್ಲಿ ಮೂರು ರಂಧ್ರಗಳಿರುತ್ತವೆ. ಕಪ್ಪು ಪ್ರೋಬ್ ಯಾವಾಗಲೂ ಕೆಳಗಿನ 'ಕಾಮ್' ರಂಧ್ರದಲ್ಲಿ, ಕೆಂಪು ಪ್ರೋಬ್ ನಡುವಿನ ರಂಧ್ರದಲ್ಲಿ ಇರಲಿ. ಮೇಲಿನ ಹತ್ತು ಆಂಪಿಯರಿನ ರಂಧ್ರ ಈ ಪ್ರಯೋಗಗಳಿಗೆ ಬೇಕಾಗುವುದಿಲ್ಲ. ಡಯಲನ್ನು ಡಿಸಿ (ಬ್ಯಾಟರಿಯದ್ದರಂತೆ ಒಂದೇ ದಿಕ್ಕಿನ) ವೋಲ್ಟೇಜಿನ 20ಕ್ಕೆ ತಿರುಗಿಸಿ ಹೊಸ ಬ್ಯಾಟರಿಯ ಎರಡು ಗುಂಡಿಗಳಿಗೆ ಪ್ರೋಬ್ ಮುಟ್ಟಿಸಿದರೆ ಒಂಬತ್ತಕ್ಕಿಂತ ತುಸು ಹೆಚ್ಚು ಕಾಣಿಸುತ್ತದೆ. 9.3 ಬಂತು ಎಂದಿಟ್ಟುಕೊಳ್ಳೋಣ. ನಂತರ ಡಯಲನ್ನು ರೋಧದ ಕಡೆಗೆ ತಿರುಗಿಸಿ, ರೆಸಿಸ್ಟರುಗಳನ್ನು ಬಿಡಿಬಿಡಿಯಾಗಿ ಅಳೆದು ಒಂದು ಕಾಗದದಲ್ಲಿ ಬರೆದುಕೊಳ್ಳಬೇಕು. ಮಂಡಲದಲ್ಲಿ ಕೂತಿರುವ ರೆಸಿಸ್ಟರನ್ನು ಅಲ್ಲಿಯೇ ಅಳೆಯಬಾರದು, ಏಕೆಂದರೆ ಮೀಟರಿಗೆ ಅದರ ಅಕ್ಕಪಕ್ಕದ ದಾರಿಗಳೂ ಸೇರಿಯೇ ಕಾಣುತ್ತವೆ.

ಇಲ್ಲಿ ನನ್ನದೇ ಒಂದು ಪೆದ್ದುತನವನ್ನು ಹೇಳಬೇಕು. ಮೊದಲ ಮೀಟರ್ ಕೊಂಡ ವಾರ, ಡಯಲ್ 200 ಮಿಲಿ ಆಂಪಿಯರಿನಲ್ಲಿ ಇರುವಾಗಲೇ ಬ್ಯಾಟರಿಯ ವೋಲ್ಟೇಜ್ ನೋಡೋಣವೆಂದು ಪ್ರೋಬ್ ಮುಟ್ಟಿಸಿದೆ. ಕರೆಂಟ್ ಅಳೆಯುವಾಗ ಮೀಟರಿನ ಒಳರೋಧ ಬಹಳ ಕಡಿಮೆ; ಬ್ಯಾಟರಿಯ ಎರಡು ತುದಿಗೆ ನೇರವಾಗಿ ತಂತಿ ಸೇರಿಸಿದಂತೆ ಆಯಿತು, ಒಳಗಿನ ಫ್ಯೂಸ್ ಸದ್ದಿಲ್ಲದೆ ಹೋಯಿತು. ಆಮೇಲೂ ವೋಲ್ಟೇಜ್ ಸರಿಯಾಗಿಯೇ ಕಾಣಿಸುತ್ತಿದ್ದರಿಂದ ಮೀಟರಿನ ಮೇಲೆ ಅನುಮಾನವೇ ಬರಲಿಲ್ಲ. ಕರೆಂಟ್ ಮಾತ್ರ ಸದಾ ಸೊನ್ನೆ. ರೆಸಿಸ್ಟರುಗಳನ್ನು ಒಂದೊಂದಾಗಿ ಬದಲಾಯಿಸುತ್ತ ಅರ್ಧ ದಿನ ಕಳೆದ ಮೇಲೆ ಮೀಟರಿನ ಬೆನ್ನು ಬಿಚ್ಚಿ ನೋಡಿದೆ. ಹೀಗಾಗಿ ಕರೆಂಟ್ ಅಳೆದು ಮುಗಿದ ಕೂಡಲೇ ಡಯಲನ್ನು ವೋಲ್ಟೇಜಿಗೆ ಮರಳಿಸುವುದನ್ನು ಕೈಗೆ ರೂಢಿ ಮಾಡಿಸಬೇಕು.

ಎರಡನೆಯ ಹೆಜ್ಜೆ: ಒಂದು ಬ್ಯಾಟರಿ, ಒಂದು ರೆಸಿಸ್ಟರ್

ಬ್ಯಾಟರಿಯ ಧನ ತುದಿಯಿಂದ 1 ಕಿಲೋ ಓಮ್ ರೆಸಿಸ್ಟರಿಗೆ, ಅದರ ಇನ್ನೊಂದು ಕಾಲಿನಿಂದ ಮೀಟರಿನ ಕೆಂಪು ಪ್ರೋಬಿಗೆ, ಕಪ್ಪು ಪ್ರೋಬಿನಿಂದ ಬ್ಯಾಟರಿಯ ಋಣ ತುದಿಗೆ ದಾರಿ ಜೋಡಿಸಿ, ಡಯಲನ್ನು 200 ಮಿಲಿ ಆಂಪಿಯರಿನಲ್ಲಿ ಇಡಬೇಕು. ಸಂಪರ್ಕ ಕೊಡುವ ಮುನ್ನ ಲೆಕ್ಕ ಹಾಕಿ ಬರೆದಿಡುವುದು ಮುಖ್ಯ: ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಕರೆಂಟ್. 9.3 ವೋಲ್ಟನ್ನು 1000 ಓಮ್‌ನಿಂದ ಭಾಗಿಸಿದರೆ 0.0093 ಆಂಪಿಯರ್, ಅಂದರೆ 9.3 ಮಿಲಿ ಆಂಪಿಯರ್. ಮೀಟರ್ ಅದರ ಆಸುಪಾಸಿನಲ್ಲೇ ತೋರಿಸುತ್ತದೆ. 2.2 ಕಿಲೋ ಓಮ್ ಹಾಕಿದರೆ 4.2, 470 ಓಮ್ ಹಾಕಿದರೆ 19.8 ಮಿಲಿ ಆಂಪಿಯರಿನ ಹತ್ತಿರ ಬರುತ್ತದೆ. ಬ್ಯಾಟರಿ ಒಂದೇ, ವೋಲ್ಟೇಜ್ ಒಂದೇ. ರೋಧ ಇಳಿದಂತೆ ಕರೆಂಟ್ ಏರುತ್ತ ಹೋಯಿತು. ಓಮ್‌ನ ನಿಯಮ ಎಂಬುದು ಇದೇ: ವೋಲ್ಟೇಜ್ = ಕರೆಂಟ್ × ರೋಧ. ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಸಿಗುತ್ತದೆ.

"ಹಾಗಾದರೆ 100 ಓಮ್ ಹಾಕಿ ನೋಡೋಣ" ಎಂಬ ಆಸೆ ಇಲ್ಲಿ ಹುಟ್ಟುವುದು ಸಹಜ. ಹಾಕುವ ಮೊದಲು ಇನ್ನೊಂದು ಗುಣಾಕಾರ ಮಾಡಿ: ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಶಾಖವಾಗಿ ಹೊರಬೀಳುವ ಶಕ್ತಿ ವಾಟ್‌ಗಳಲ್ಲಿ ಸಿಗುತ್ತದೆ. 9.3 ವೋಲ್ಟ್, 93 ಮಿಲಿ ಆಂಪಿಯರ್, ಗುಣಿಸಿದರೆ ಸುಮಾರು 0.86 ವಾಟ್. ನಮ್ಮ ರೆಸಿಸ್ಟರ್ ತಾಳುವುದು ಕಾಲು ವಾಟನ್ನು. ಅದು ಕೆಲವೇ ಕ್ಷಣಗಳಲ್ಲಿ ಬೆರಳು ಸುಡುವಷ್ಟು ಕಾಯುತ್ತದೆ, ಬಣ್ಣ ಕರಕಲಾಗಿ ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ. 470 ಓಮ್‌ನದು 0.18 ವಾಟ್ ಆದ್ದರಿಂದ ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೇ.

ಮೂರನೆಯ ಹೆಜ್ಜೆ: ಸರಣಿ ಮತ್ತು ಸಮಾಂತರ

1 ಕಿಲೋ ಓಮ್ ಮತ್ತು 2.2 ಕಿಲೋ ಓಮ್ ರೆಸಿಸ್ಟರುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಬರುವಂತೆ ಜೋಡಿಸಿದರೆ ಸರಣಿ. ಒಟ್ಟು ರೋಧ 3200 ಓಮ್, ಕರೆಂಟ್ 2.9 ಮಿಲಿ ಆಂಪಿಯರ್. ಮೊದಲು ಕರೆಂಟನ್ನು ಬ್ಯಾಟರಿಯ ಹತ್ತಿರ, ನಂತರ ಎರಡು ರೆಸಿಸ್ಟರುಗಳ ನಡುವೆ, ಕೊನೆಗೆ ಮರಳುವ ದಾರಿಯಲ್ಲಿ ಅಳೆಯಿರಿ. ಮೂರೂ ಕಡೆ ಒಂದೇ ಅಂಕಿ ಬರುತ್ತದೆ. ಮೊದಲ ರೆಸಿಸ್ಟರ್ ಕರೆಂಟನ್ನು ಅಷ್ಟಿಷ್ಟು ತಿಂದು ಮಿಕ್ಕಿದ್ದನ್ನು ಮುಂದಕ್ಕೆ ಕಳಿಸುತ್ತದೆ ಎಂಬ ಕಲ್ಪನೆ ಓದಿದವರಲ್ಲೂ ಉಳಿದುಕೊಂಡಿರುತ್ತದೆ. ಈ ಮೂರು ಅಳತೆ ಅದನ್ನು ಕಿತ್ತುಹಾಕುತ್ತದೆ. ಹಂಚಿಹೋಗುವುದು ವೋಲ್ಟೇಜ್: ಪ್ರೋಬುಗಳನ್ನು 1 ಕಿಲೋ ಓಮ್‌ನ ಎರಡು ಕಾಲುಗಳಿಗೆ ಮುಟ್ಟಿಸಿದರೆ 2.9 ವೋಲ್ಟ್, ಇನ್ನೊಂದರ ಕಾಲುಗಳಿಗೆ ಮುಟ್ಟಿಸಿದರೆ 6.4 ವೋಲ್ಟ್, ಕೂಡಿದರೆ ಬ್ಯಾಟರಿಯ 9.3.

ಅದೇ ಎರಡನ್ನು ಪಕ್ಕಪಕ್ಕ ಇಟ್ಟು, ಎರಡರ ತಲೆಯೂ ಧನ ತುದಿಗೆ, ಎರಡರ ಬಾಲವೂ ಋಣ ತುದಿಗೆ ಬರುವಂತೆ ಮಾಡಿದರೆ ಸಮಾಂತರ. ಈಗ ಪ್ರತಿಯೊಂದಕ್ಕೂ ಪೂರ್ತಿ 9.3 ವೋಲ್ಟ್ ಸಿಗುತ್ತದೆ, ಒಂದರಲ್ಲಿ 9.3, ಇನ್ನೊಂದರಲ್ಲಿ 4.2 ಹರಿದು, ಬ್ಯಾಟರಿಯಿಂದ ಒಟ್ಟು 13.5 ಮಿಲಿ ಆಂಪಿಯರ್ ಹೊರಡುತ್ತದೆ. ಮನೆಯ ವೈರಿಂಗ್ ಪೂರ್ತಿ ಸಮಾಂತರವಾದದ್ದು ಇದಕ್ಕಾಗಿಯೇ: ಫ್ಯಾನ್ ಆರಿಸಿದರೆ ದೀಪ ಆರುವುದಿಲ್ಲ, ಎಷ್ಟು ಸಲಕರಣೆ ಹಾಕಿದರೂ ಪ್ರತಿಯೊಂದಕ್ಕೂ 230 ವೋಲ್ಟ್ ಸಿಗುತ್ತದೆ, ಕರೆಂಟ್ ಮಾತ್ರ ಕೂಡುತ್ತ ಹೋಗಿ ಒಂದು ಮಿತಿ ದಾಟಿದಾಗ ಸರಬರಾಜು ಕಡಿಯುವ ಸ್ವಿಚ್ಚಾದ ಎಂಸಿಬಿ ಬೀಳುತ್ತದೆ.

ನಾಲ್ಕನೆಯ ಹೆಜ್ಜೆ: ಮಾತು ಕೇಳದ ಎಲ್‌ಇಡಿ

ಎಲ್‌ಇಡಿಯನ್ನು ಬ್ಯಾಟರಿಗೆ ನೇರವಾಗಿ ಮುಟ್ಟಿಸಿದರೆ ಅದು ಆ ಕ್ಷಣವೇ ಸತ್ತುಹೋಗಬಹುದು. ಅದರ ಉದ್ದ ಕಾಲು ಧನ ತುದಿಯ ಕಡೆಗೆ ಬರುವಂತೆ, 470 ಓಮ್ ರೆಸಿಸ್ಟರಿನೊಂದಿಗೆ ಸರಣಿಯಲ್ಲಿ ಜೋಡಿಸಬೇಕು. ಕೆಂಪು ಎಲ್‌ಇಡಿಯ ಕಾಲುಗಳ ನಡುವೆ ಸುಮಾರು 1.9 ವೋಲ್ಟ್ ಸಿಗುತ್ತದೆ, ಮಿಕ್ಕ 7.4 ವೋಲ್ಟ್ ರೆಸಿಸ್ಟರಿನದು, ಹೀಗಾಗಿ ಕರೆಂಟ್ 15.7 ಮಿಲಿ ಆಂಪಿಯರ್. ರೆಸಿಸ್ಟರನ್ನು 2.2 ಕಿಲೋ ಓಮ್‌ಗೆ ಬದಲಾಯಿಸಿದರೆ ಕರೆಂಟ್ ಕಾಲುಭಾಗಕ್ಕೂ ಕೆಳಗಿಳಿಯುತ್ತದೆ, ಆದರೆ ಎಲ್‌ಇಡಿಯ ಮೇಲಿನ ವೋಲ್ಟೇಜ್ ಬಹುತೇಕ ಇದ್ದಲ್ಲೇ ಇರುತ್ತದೆ. ಅಂದರೆ ಇದಕ್ಕೆ ಇಷ್ಟೇ ಎಂಬ ಒಂದು ರೋಧವಿಲ್ಲ, ಇದು ಓಮ್‌ನ ನಿಯಮವನ್ನು ಪಾಲಿಸುವ ವಸ್ತುವಲ್ಲ.

ಹಳೆಯ 60 ವಾಟಿನ ಬಲ್ಬೊಂದು ಮನೆಯಲ್ಲಿ ಉಳಿದಿದ್ದರೆ, ಅದನ್ನು ಹೋಲ್ಡರಿನಿಂದ ಬಿಚ್ಚಿ ತಂದು, ತಣ್ಣಗಿರುವಾಗ ಅದರ ರೋಧ ಅಳೆಯಿರಿ. 230 ವೋಲ್ಟಿನಲ್ಲಿ 60 ವಾಟ್ ಎಂದರೆ 0.26 ಆಂಪಿಯರ್, ಲೆಕ್ಕದ ಪ್ರಕಾರ 880 ಓಮ್‌ನಷ್ಟು ಬರಬೇಕು. ಮೀಟರ್ ಅದರ ಹತ್ತರಲ್ಲೊಂದು ಪಾಲನ್ನೂ ತೋರಿಸಲಾರದು. ಎರಡೂ ಸರಿ. ಟಂಗ್‌ಸ್ಟನ್ ತಂತಿ ಕಾದಂತೆ ಅದರ ರೋಧ ಏರುತ್ತದೆ. ಸ್ವಿಚ್ ಹಾಕಿದ ಕ್ಷಣ ತಂತಿ ತಣ್ಣಗಿದ್ದು ಕರೆಂಟ್ ಹಲವು ಪಟ್ಟು ನುಗ್ಗುತ್ತದೆ. ಅಂಥ ಬಲ್ಬುಗಳು ಉರಿಯುತ್ತಿರುವಾಗ ಹೋಗದೆ ಸ್ವಿಚ್ ಹಾಕಿದಾಗಲೇ "ಟಪ್" ಎಂದು ಹೋಗುತ್ತಿದ್ದುದು ಈ ಕಾರಣಕ್ಕೆ.

ಐದನೆಯ ಹೆಜ್ಜೆ: ಸೋತ ಬ್ಯಾಟರಿ

ಹಳೆಯ ಬ್ಯಾಟರಿಯನ್ನು ಬರಿದೇ ಅಳೆದರೆ 8.1 ವೋಲ್ಟ್ ಬಂದೀತು, ಪರವಾಗಿಲ್ಲ ಎನ್ನಿಸೀತು. ಈಗ ಅದಕ್ಕೆ 470 ಓಮ್ ರೆಸಿಸ್ಟರ್ ಜೋಡಿಸಿ, ಜೋಡಣೆ ಇರುವಂತೆಯೇ ಮತ್ತೆ ಬ್ಯಾಟರಿಯ ತುದಿಗಳನ್ನು ಅಳೆಯಿರಿ. 6.5ಕ್ಕೆ ಕುಸಿದಿದ್ದರೆ ಲೆಕ್ಕ ಹೀಗೆ: 6.5ನ್ನು 470ರಿಂದ ಭಾಗಿಸಿದರೆ ಕರೆಂಟ್ 13.8 ಮಿಲಿ ಆಂಪಿಯರ್, ಕಾಣೆಯಾದ 1.6 ವೋಲ್ಟನ್ನು ಆ ಕರೆಂಟಿನಿಂದ ಭಾಗಿಸಿದರೆ 116 ಓಮ್. ಬ್ಯಾಟರಿಯ ಹೊಟ್ಟೆಯೊಳಗೆ ಅಷ್ಟು ರೋಧ ಬೆಳೆದಿದೆ ಎಂದಾಯಿತು. ಬ್ಯಾಟರಿ ಪರೀಕ್ಷಿಸುವ ಸರಿಯಾದ ಕ್ರಮ ಇದೇ, ಕೆಲಸ ಕೊಟ್ಟು ನೋಡಬೇಕು.

ಜರ್ಮನಿಯ ಗೇಯಾರ್ಗ್ ಓಮ್ ಕೂಡ ಇದೇ ಕಾಟಕ್ಕೆ ಸಿಕ್ಕಿದ್ದ. ಕಲೋನ್‌ನಲ್ಲಿ ಶಾಲಾ ಮೇಷ್ಟರಾಗಿದ್ದ ಆತ ತಂತಿಗಳ ಉದ್ದ ಬದಲಿಸಿ ಕರೆಂಟ್ ಅಳೆಯಲು ಹೊರಟಾಗ, ಅಂದಿನ ಬ್ಯಾಟರಿಗಳ ವೋಲ್ಟೇಜ್ ನೋಡನೋಡುತ್ತಲೇ ಇಳಿಯುತ್ತಿತ್ತು. ಆಮೇಲೆ ಆತ ಬ್ಯಾಟರಿಯನ್ನೇ ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ಸಂಧಿಯನ್ನು ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದನ್ನು ಕರಗುವ ಮಂಜುಗಡ್ಡೆಯಲ್ಲಿ ಇಟ್ಟ. ಸಂಧಿಗಳ ತಾಪಮಾನ ಬೇರೆಬೇರೆ ಇದ್ದರೆ ಅಂಥ ಜೋಡಣೆಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಎರಡೂ ತಾಪಮಾನಗಳು ಕದಲದ ಕಾರಣ ವೋಲ್ಟೇಜೂ ಕದಲಲಿಲ್ಲ, ನಿಯಮ ಕಣ್ಣಿಗೆ ಬಿತ್ತು. ಪುಸ್ತಕವಾಗಿ ಅದು 1827ರಲ್ಲಿ ಹೊರಬಂದಿತು.

ಆರನೆಯ ಹೆಜ್ಜೆ: ತಂತಿಯ ಲೆಕ್ಕ

ಇಷ್ಟು ಹೊತ್ತು ತಂತಿಗೆ ರೋಧವೇ ಇಲ್ಲವೆಂಬಂತೆ ನಡೆದುಕೊಂಡೆವು. ಮೇಜಿನ ಮೇಲೆ ಅದು ಸರಿ. ಒಂದು ಚದರ ಮಿಲಿಮೀಟರ್ ದಪ್ಪದ (ದಪ್ಪ ಎಂದರೆ ಇಲ್ಲಿ ತಂತಿಯನ್ನು ಅಡ್ಡ ಕತ್ತರಿಸಿದಾಗ ಕಾಣುವ ಮುಖದ ವಿಸ್ತೀರ್ಣ) ಒಂದು ಮೀಟರ್ ತಾಮ್ರದ ತಂತಿಯ ರೋಧ 0.0172 ಓಮ್ ಮಾತ್ರ. ಅಲ್ಯೂಮಿನಿಯಂ ಆದರೆ ಅದರ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಉದ್ದ ಎರಡು ಪಟ್ಟಾದರೆ ರೋಧ ಎರಡು ಪಟ್ಟು, ದಪ್ಪ ಎರಡು ಪಟ್ಟಾದರೆ ಅರ್ಧ.

ಮನೆಯ ಮೀಟರ್ ಬೋರ್ಡಿನಿಂದ 200 ಮೀಟರ್ ದೂರದ ಬಾವಿಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದು, ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರ್ ಕೂರಿಸಿದ್ದಾರೆ ಎಂದುಕೊಳ್ಳೋಣ. ಕರೆಂಟ್ ಹೋಗಿ ಮರಳಬೇಕಾದ್ದರಿಂದ ದಾರಿ 400 ಮೀಟರ್. ಇದನ್ನು ಮರೆಯುವವರೇ ಹೆಚ್ಚು. 400ನ್ನು 0.0172ರಿಂದ ಗುಣಿಸಿ 1.5ರಿಂದ ಭಾಗಿಸಿದರೆ ರೋಧ 4.6 ಓಮ್. ಮೋಟಾರ್ ಓಡುವಾಗ 7 ಆಂಪಿಯರ್ ಎಳೆದರೆ ತಂತಿಯಲ್ಲೇ ಅಂದಾಜು 32 ವೋಲ್ಟ್ ಕಳೆದುಹೋಗುತ್ತದೆ, ಮೋಟಾರಿಗೆ ತಲುಪುವುದು ಇನ್ನೂರಕ್ಕಿಂತ ಕಡಿಮೆ. ಶುರುವಾಗುವ ಕ್ಷಣದ್ದು ಇನ್ನೂ ಕಷ್ಟ. ಆಗ ಮೋಟಾರ್ ಕೇಳುವ ಕರೆಂಟ್ ನಾಲ್ಕೈದು ಪಟ್ಟು, ಹೀಗಾಗಿ ವೋಲ್ಟೇಜ್ ಆಳಕ್ಕೆ ಕುಸಿದು, ಮೋಟಾರ್ ತಿರುಗದೆ "ಗುಂಯ್" ಎನ್ನುತ್ತ ನಿಂತುಬಿಡುತ್ತದೆ. ಕೆಪಾಸಿಟರ್ ಬದಲಾಯಿಸಿ, ವೈಂಡಿಂಗ್ ಮಾಡಿಸಿ, ಕಡೆಗೂ ಗುಣವಾಗದ ಎಷ್ಟೋ ಪಂಪುಗಳ ರೋಗ ತಂತಿಯಲ್ಲಿರುತ್ತದೆ. 4 ಚದರ ಮಿಲಿಮೀಟರಿನ ವೈರ್ ಹಾಕಿದರೆ ರೋಧ 1.7 ಓಮ್‌ಗೆ, ಓಡುವಾಗಿನ ನಷ್ಟ 12 ವೋಲ್ಟಿಗೆ ಇಳಿಯುತ್ತದೆ.

ಇದೇ ಲೆಕ್ಕ ಸಡಿಲವಾದ ಸಂಪರ್ಕಕ್ಕೂ ಹೊಂದುತ್ತದೆ. 2000 ವಾಟಿನ ಗೀಸರ್ ಎಳೆಯುವುದು 8.7 ಆಂಪಿಯರ್. ಅದರ ಪ್ಲಗ್ ಸಡಿಲವಾಗಿ ಸಂಪರ್ಕದಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡರೆ, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದಾಗ 38 ವಾಟ್ ಆ ಪಿನ್ನಿನ ತುದಿಯಲ್ಲೇ ಶಾಖವಾಗುತ್ತದೆ. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿ ಸಾಮಾನ್ಯವಾಗಿ 25 ವಾಟಿನದು. ಪ್ಲಗ್ಗಿನ ಮೈ ಕಂದುಬಣ್ಣಕ್ಕೆ ತಿರುಗಿದ್ದು ಕಂಡರೆ ಗೀಸರನ್ನು ಅಂದೇ ನಿಲ್ಲಿಸಿ ಸಾಕೆಟ್ ಬದಲಾಯಿಸಲು ವೈರ್‌ಮನ್ನನ್ನು ಕರೆಸಬೇಕು.

ತಂತಿಯ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದಕ್ಕೆ ನಮ್ಮಲ್ಲೊಂದು ದೊಡ್ಡ ಉದಾಹರಣೆಯಿದೆ. 1902ರಲ್ಲಿ ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದಾಗ, ಅದನ್ನು ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದರು. ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಕರೆಂಟ್ ಹತ್ತರಲ್ಲೊಂದು ಸಾಕು, ತಂತಿಯಲ್ಲಿ ಶಾಖವಾಗಿ ಹೋಗುವ ಪಾಲು ನೂರರಲ್ಲೊಂದಕ್ಕೆ ಇಳಿಯುತ್ತದೆ.

ತೋಟದ ಪಂಪಿಗೆ ಆ ದಾರಿ ಇಲ್ಲ, ಬರುವ ವೋಲ್ಟೇಜ್ ಬಂದಷ್ಟೇ. ತಂತಿಯ ದಪ್ಪ ಒಂದೇ ನಮ್ಮ ಕೈಯಲ್ಲಿರುವುದು. ಬಾವಿಯ ತನಕದ ದೂರವನ್ನು ಹೆಜ್ಜೆಯಲ್ಲಾದರೂ ಅಳೆದು, ಎರಡರಿಂದ ಗುಣಿಸಿ, ಮೋಟಾರಿನ ತಗಡಿನ ಮೇಲೆ ಬರೆದ ಆಂಪಿಯರ್ ನೋಡಿಕೊಂಡು ಮೇಲಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಆ ಬಳಿಕ ವೈರ್‌ಮನ್ನಿಗೆ ಹೇಳಿ ಮೋಟಾರಿನ ತುದಿಯಲ್ಲಿ ವೋಲ್ಟೇಜ್ ಅಳೆಸಿ ಹೋಲಿಸಿ. ಅವರು ಅಳೆಯುವಾಗ ಪಂಪು ನೀರೆತ್ತುತ್ತಿರಬೇಕು ಎಂಬುದನ್ನು ಮಾತ್ರ ಗಮನಿಸಿ: ಮೋಟಾರ್ ನಿಂತಿದ್ದರೆ ತಂತಿಯಲ್ಲಿ ಕರೆಂಟ್ ಇರುವುದಿಲ್ಲ, ಕರೆಂಟ್ ಇಲ್ಲದ ತಂತಿಯಲ್ಲಿ ನಷ್ಟವೂ ಇಲ್ಲ, ಎಷ್ಟು ಸಣಕಲು ವೈರ್ ಇದ್ದರೂ ಆಗ ಮೀಟರ್ ಮನೆಯಲ್ಲಿ ತೋರಿಸಿದ ಅಂಕಿಯನ್ನೇ ಅಲ್ಲಿಯೂ ತೋರಿಸುತ್ತದೆ.